ಮಳೆಯೂರಿನಲ್ಲಿ ಬಾಯಾರಿದ ಗಿಡ

ಮೂಡಿಗೆರೆಯವರಿಗೆ ಮಳೆ ಬಗ್ಗೆ ಹೊಸದಾಗಿ ಹೇಳೋದು ಏನೂ ಇಲ್ಲ. ಆದರೆ ಜರ್ಮನಿಯಲ್ಲಿ ನಾನು ಬಂದು ಸೇರಿದ ವುಪರ್ಟಾಲ್ ಕೂಡ ಮಳೆಗೇ ಹೆಸರಾದ ಊರು. ಕೊಟ್ಟಿಗೆಹಾರದ ಹಾಗೆ ಧೋ ಅಂತ ಸುರಿಯೋದಿಲ್ಲ. ನೆಗಡಿ ಬಂದ ಮೂಗಿನ ಹಾಗೆ ದಿನಗಟ್ಟಲೆ ಜಿಟಿಜಿಟಿ. ಅದೇ ಇಳಿಜಾರು, ಅದೇ ಪಾಚಿ ಹಿಡಿದ ಗೋಡೆ.

ಮನೆ ಹಿಂದೆ ಉತ್ತರಕ್ಕೆ ಒಂದು ಸಣ್ಣ ಹಿತ್ತಲು ಇದೆ. ಬೇಸಿಗೆಯಲ್ಲೂ ಬೆಳಿಗ್ಗೆ ಎರಡು ಗಂಟೆ ಬಿಸಿಲು ಬಂದರೆ ಹೆಚ್ಚು. ಮಲೆನಾಡಿನ ಹುಡುಗಿ ಅಲ್ವಾ, ಮೊದಲು ಡೇರೆ (ಡೇಲಿಯಾ) ಹೂವಿನ ಗೆಡ್ಡೆ ಹಾಕಿದೆ. ಉದ್ದುದ್ದ ಬೆಳೆದು ಮುರಿದು ಬಿತ್ತು. ಹೂ ಒಂದೇ ಒಂದು. ಪಕ್ಕದ ಮನೆಯ ಅಜ್ಜಿ ಬೇಲಿ ಮೇಲಿಂದ ಎಲ್ಲಾ ನೋಡುತ್ತಿದ್ದರು. ಒಂದು ದಿನ ಪೇಪರಿನಲ್ಲಿ ಸುತ್ತಿದ ಬೇರಿನ ಮುದ್ದೆಯೊಂದನ್ನು ಕೊಟ್ಟು, ಈ ಜಾಗಕ್ಕೆ ಇದನ್ನು ಹಾಕು ಅಂದರು. ಅದು ಆಸ್ಟಿಲ್ಬೆ.

ಎಲೆ ಜರೀಗಿಡದ ಥರ ಸೀಳುಸೀಳು. ಜೂನ್, ಜುಲೈನಲ್ಲಿ ನಡುವಿನಿಂದ ಹೂವಿನ ತೆನೆ ಏಳುತ್ತದೆ. ಕಬ್ಬಿನ ಸೂಲಂಗಿಯನ್ನು ಗಿಡ್ಡ ಮಾಡಿ ಬಣ್ಣ ಹಚ್ಚಿದ ಹಾಗೆ. ಬಿಳಿ, ಗುಲಾಬಿ, ಕಡು ಕೆಂಪು. ಇವತ್ತು ತೋಟಗಳಲ್ಲಿ ಕಾಣುವ ಆಸ್ಟಿಲ್ಬೆಯಲ್ಲಿ ಎಷ್ಟೋ ತಳಿಗಳು ಹುಟ್ಟಿದ್ದು ಇದೇ ಊರಿನಲ್ಲಿ ಅಂತ ಆಮೇಲೆ ಗೊತ್ತಾಯಿತು. ಈಗ ವುಪರ್ಟಾಲ್‌ಗೆ ಸೇರಿರುವ ರೋನ್ಸ್‌ಡಾರ್ಫ್‌ನಲ್ಲಿ ಗೆಯೋರ್ಗ್ ಆರೆಂಡ್ಸ್ ಅನ್ನುವವರು 1888ರಲ್ಲಿ ನರ್ಸರಿ ಶುರು ಮಾಡಿದ್ದರು. ಚೀನಾ, ಜಪಾನ್ ಕಡೆಯ ಜಾತಿಗಳನ್ನು ಒಂದಕ್ಕೊಂದು ಕೂಡಿಸಿ ಹೊಸ ತಳಿ ತೆಗೆದರು. ಅಜ್ಜಿ ಕೊಟ್ಟ ಕೆಂಪು ಹೂವಿನದು ಅವರ 1933ರ 'ಫನಾಲ್'. ನಾನು ಬೇರೆ ದೇಶದಿಂದ ಬಂದವಳು, ಗಿಡದ ಹಿರಿಯರೂ ಹಾಗೇ!

ಅರ್ಧ ನೆಲಕ್ಕೆ ಹಾಕಿದೆ, ಅರ್ಧ ಒಂದು ಚೆಂದದ ಮಣ್ಣಿನ ಕುಂಡಕ್ಕೆ. ನೆಲದ್ದು ಸೊಂಪಾಗಿ ಬಂತು. ಕುಂಡದ್ದು ಜುಲೈ ಹೊತ್ತಿಗೆ ಎಲೆಯಂಚು ಸುಟ್ಟು, ಮುಟ್ಟಿದರೆ ಹಪ್ಪಳದ ಹಾಗೆ ಪುಡಿ. ರೋಗ ಅಂದುಕೊಂಡು ಔಷಧಿ ಹುಡುಕಿದೆ. ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ತೋರಿಸಿದೆ. ಅವರಿಗೆ ಈ ಗಿಡದ ಹೆಸರೂ ಗೊತ್ತಿಲ್ಲ. ಗಿಡಕ್ಕಿಂತ ಜಾಸ್ತಿ ಹೊತ್ತು ಅದರ ಮೇಲೆ ಏನಿದೆ ಅಂತ ನೋಡಿದರು.

"ಅಲ್ಲ ಕಣೇ, ದಿನಾ ಮಳೆ ಅಂತೀಯ. ಸೂರಿನಡಿ ಇಟ್ಟಿದೀಯಲ್ಲ, ಕುಂಡದ ಮೇಲೆ ಬೀಳುತ್ತಾ?"

ಬೆರಳು ಹಾಕಿ ನೋಡಿದೆ. ಮಣ್ಣು ಬೂದಿ. ಊರೆಲ್ಲಾ ಒದ್ದೆ, ನನ್ನ ಕುಂಡ ಮಾತ್ರ ಒಣಗಿತ್ತು.

ಆಸ್ಟಿಲ್ಬೆಗೆ ಬೇರು ಮೇಲ್ಮೇಲೆ. ಒಂದು ಸಲ ಚೆನ್ನಾಗಿ ಒಣಗಿದರೆ ಸುಟ್ಟ ಎಲೆ ಮತ್ತೆ ಹಸಿರಾಗೋದಿಲ್ಲ. ಅಂಥವನ್ನೆಲ್ಲಾ ಕತ್ತರಿಸಿ ನೀರು ಕೊಟ್ಟೆ, ಬುಡದಿಂದ ಹೊಸ ಚಿಗುರು ಬಂತು. ಈಗ ದೊಡ್ಡ ಕುಂಡ, ಕೊಳೆತ ಎಲೆಗೊಬ್ಬರ ಧಾರಾಳವಾಗಿ, ಮೇಲೆ ಕಾಫಿ ಬುಡಕ್ಕೆ ಹೊದಿಸುವ ಹಾಗೆ ತರಗು. ಬೇಸಿಗೆಯಲ್ಲಿ ದಿನಾ ನೀರು. ಚಳಿಗಾಲದಲ್ಲಿ ಮಾತ್ರ ತಳದಲ್ಲಿ ನೀರು ನಿಲ್ಲಬಾರದು, ಬುಡ ಕೊಳೆಯುತ್ತದೆ. ನೆರಳು ಅಂದರೂ ಗವ್ವನೆ ಕತ್ತಲೆ ಬೇಡ, ಹೂ ಕಮ್ಮಿ ಆಗುತ್ತದೆ. ಕಾಫಿ ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರೋದು, ಆದ ಮೇಲೆ ಹಾಲವಾಣದಡಿ ಇರುತ್ತಲ್ಲ, ಅಂಥ ಬೆಳಕು ಸರಿ. ಗೊಂಡೆಹುಳ (ಚಿಪ್ಪಿಲ್ಲದ ಬಸವನಹುಳ) ಇದರ ಗೊಡವೆಗೆ ಅಷ್ಟಾಗಿ ಬರೋದಿಲ್ಲ. ಆದರೆ ಕುಂಡದ ಮಣ್ಣಿನೊಳಗೆ ಬೇರು ತಿನ್ನುವ ಬಿಳಿ ಹುಳ ಇಲ್ಲೂ ಉಂಟು. ನಮ್ಮ ಗೊಣ್ಣೆಹುಳದ ಚಿಕ್ಕ ತಮ್ಮ ಅನ್ನಿ.

ಫೋಟೋ ನೋಡಿದ ಅಮ್ಮ, "ಬರುವಾಗ ಒಂದು ಗೆಡ್ಡೆ ತಾರೇ" ಅಂದರು. ಗಿಡ ತರೋಕೆ ಆಮದು ಪರವಾನಗಿ ಬೇಕು, ರೋಗ ಇಲ್ಲ ಅನ್ನೋ ಸರ್ಟಿಫಿಕೇಟ್ ಬೇಕು, ಸುಮ್ನೆ ಬ್ಯಾಗಿಗೆ ಹಾಕಿಕೊಂಡು ಬರೋ ಹಾಗಿಲ್ಲ. ಅದಕ್ಕಿಂತ ದೊಡ್ಡ ತೊಡಕು ಚಳಿ. "ನಮಗೂ ಚಳಿ ಇಲ್ವೇನೇ, ಡಿಸೆಂಬರ್‌ನಲ್ಲಿ ಒಲೆ ಮುಂದೆಯೇ ಇರ್ತೀವಿ." ಆ ಚಳಿ ಸಾಲದು ಅಮ್ಮ, ವಾರಗಟ್ಟಲೆ ಬಿಡದೆ ಕೊರೆಯುವ ಚಳಿ ಬೇಕು ಅಂದೆ. ಇಲ್ಲಿ ಎಲೆಯೆಲ್ಲಾ ಒಣಗಿ, ಗಿಡ ಕೆಲವು ತಿಂಗಳು ನೆಲದೊಳಗೆ ಮಲಗುತ್ತದೆ. ಆ ನಿದ್ದೆ ಆಗದಿದ್ದರೆ ವರ್ಷ ವರ್ಷಕ್ಕೂ ಸೊರಗುತ್ತದೆ. ಹಿಮಾಲಯದಲ್ಲಿ ಇದರದೇ ಒಂದು ಜಾತಿ ತಾನಾಗಿ ಬೆಳೆಯುತ್ತದೆ, ಮೂಡಿಗೆರೆಗೆ ಮಾತ್ರ ಆಗೋದಿಲ್ಲ. "ಹೋಗ್ಲಿ ಬಿಡು, ನನಗೆ ಹೈಡ್ರಾಂಜಿಯಾ ಇದೆ" ಅಂದರು. ಸ್ವಲ್ಪ ಬೇಜಾರಿನಲ್ಲೇ.

ಮೂರು ನಾಲ್ಕು ವರ್ಷಕ್ಕೊಮ್ಮೆ ಬುಡ ಅಗೆದು ಬಿಡಿಸಬೇಕು. ಈ ವಸಂತದಲ್ಲಿ ನನ್ನದರ ಸರದಿ. ಬೇರು ಮರದ ಹಾಗೆ ಗಟ್ಟಿ, ಅಡಿಗೆಮನೆ ಚಾಕು ಸಾಲದು, ಅಜ್ಜಿ ಗರಗಸವನ್ನೇ ಕೊಟ್ಟರು. ತುಂಡಿಗೆ ಎರಡು ಮೂರು ಕಣ್ಣು ಇರೋ ಹಾಗೆ ನೋಡಿಕೊಂಡರೆ ಆಯಿತು. ಡ್ಯುಸೆಲ್‌ಡಾರ್ಫ್‌ನಲ್ಲಿರುವ ಹಾಸನದ ಹುಡುಗನೊಬ್ಬ ಒಂದು ತುಂಡು ಕೇಳಿದ್ದಾನೆ. ಅವನ ಬಾಲ್ಕನಿ ದಕ್ಷಿಣಕ್ಕೆ, ಮಧ್ಯಾಹ್ನವೆಲ್ಲಾ ಬಿಸಿಲು, ಮೇಲೆ ಇನ್ನೊಂದು ಬಾಲ್ಕನಿ. ಅವನಿಗೆ ಮೆಣಸಿನ ಸಸಿ ಕೊಟ್ಟು ಕಳಿಸಿದೆ.