ಹೊರಗೆ ಕರೆದುಕೊಂಡು ಹೋದರೆ ಮಗಳು ಸರಿಹೋಗ್ತಾಳಾ?

ಹದಿಹರೆಯದ ಹುಡುಗ ಹುಡುಗಿಯರ ಗುಂಪು ಕಟ್ಟಿಕೊಂಡು ಕಾಡು, ಬೆಟ್ಟ, ಹೊಳೆ ದಂಡೆ ಅಂತ ಓಡಾಡುವುದು ನನ್ನ ಕೆಲಸ. ಹಾಗಾಗಿ ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಮಗಳು ರೂಮ್ ಬಿಟ್ಟು ಹೊರಗೇ ಬರ್ತಿಲ್ಲ, ಯಾರ ಹತ್ರಾನೂ ಸರಿಯಾಗಿ ಮಾತಾಡಲ್ಲ, ಇಡೀ ದಿನ ಮೊಬೈಲು. ನಾಲ್ಕು ದಿನ ಹೊರಗೆ ಓಡಾಡಿಕೊಂಡು ಬಂದರೆ ಸರಿಹೋಗ್ತಾಳಾ?" ಫೋನಿನಲ್ಲಿ ಎರಡು ನಿಮಿಷಕ್ಕೆ ಹೇಳಿ ಮುಗಿಸುವ ಉತ್ತರ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಸಹಾಯ ಆಗುತ್ತದೆ. ಇದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಮರದ ಕೆಳಗೆ ಕೂರಿಸಿದ ತಕ್ಷಣ ಆಗಿಬಿಡುವ ಕೆಲಸ ಅಲ್ಲ. ಹೊರಗಿನ ಜಾಗ ಸ್ವಲ್ಪ ಮಾಡುತ್ತದೆ, ಜೊತೆಗೆ ಹೋದವರು ಸ್ವಲ್ಪ ಮಾಡುತ್ತಾರೆ, ಇನ್ನುಳಿದದ್ದು ತನ್ನನ್ನು ಅಲ್ಲಿಗೆ ಯಾಕೆ ಕರೆತಂದಿದ್ದಾರೆ ಅಂತ ಆ ಮಗುವಿಗೆ ಅನ್ನಿಸುತ್ತದೋ ಅದರ ಮೇಲಿದೆ. ತನ್ನನ್ನು ರಿಪೇರಿಗೆ ಕಳಿಸಿದ್ದಾರೆ ಅಂತ ಗೊತ್ತಾದರೆ ಎಂಥ ಚಂದದ ಜಾಗದಲ್ಲೂ ಆ ಮಗು ಬಾಯಿ ಬಿಡುವುದಿಲ್ಲ. ಇದನ್ನು ಎಷ್ಟೋ ಸಲ ಕಂಡಿದ್ದೇನೆ.

ಮೊದಲು ಜಾಗ ಏನು ಮಾಡುತ್ತದೆ ಅಂತ ನೋಡೋಣ.

ಓದು, ಪರೀಕ್ಷೆ, ಬರುತ್ತಲೇ ಇರುವ ಮೆಸೇಜು, ಯಾರು ನನ್ನ ಬಗ್ಗೆ ಏನಂದುಕೊಂಡರೋ ಅನ್ನುವ ಲೆಕ್ಕ, ಇದೆಲ್ಲಕ್ಕೂ ಗಮನವನ್ನು ಬಲವಂತವಾಗಿ ಹಿಡಿದಿಟ್ಟುಕೊಳ್ಳಬೇಕು. ಹಾಗೆ ಹಿಡಿದಿಡುವ ಶಕ್ತಿ ದಣಿಯುತ್ತದೆ. ದಣಿದರೆ ಸಿಡುಕು ಜಾಸ್ತಿ ಆಗುತ್ತದೆ, ತಾಳ್ಮೆ ಹೋಗುತ್ತದೆ, ಸಣ್ಣ ಮಾತಿಗೂ ಕಣ್ಣೀರು ಬರುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞ ದಂಪತಿ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ 1980ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಹರಿಯುವ ನೀರು, ಅಲುಗಾಡುವ ಎಲೆ, ತೇಲುವ ಮೋಡ ನಮ್ಮ ಗಮನವನ್ನು ಮೆಲ್ಲಗೆ ಸೆಳೆಯುತ್ತವೆ, ಪೂರ್ತಿ ಕಿತ್ತುಕೊಳ್ಳುವುದಿಲ್ಲ. ದಿನವಿಡೀ ಬಿಗಿದ ಮುಷ್ಟಿ ತಾನಾಗಿ ಸಡಿಲ ಆದ ಹಾಗೆ ಮನಸ್ಸು ಸಡಿಲ ಆಗುತ್ತದೆ. ಮೊಬೈಲಿನ ವಿಡಿಯೋ ಕೂಡ ಕಷ್ಟ ಇಲ್ಲದೆ ಗಮನ ಸೆಳೆಯುತ್ತದಲ್ವಾ ಅಂತ ನೀವು ಕೇಳಬಹುದು. ಸೆಳೆಯುತ್ತದೆ, ಆದರೆ ಒಂದು ಮುಗಿಯುವ ಮೊದಲೇ ಇನ್ನೊಂದು ಬಂದು ತಲೆ ತುಂಬಿಬಿಡುತ್ತದೆ, ನಮ್ಮದೇ ಒಂದು ಯೋಚನೆ ಎದ್ದು ಬರೋಕೆ ಜಾಗವೇ ಇರುವುದಿಲ್ಲ. ಹೊಳೆ ನೋಡುತ್ತಾ ಕೂತರೆ ಆ ಜಾಗ ಉಳಿಯುತ್ತದೆ.

2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ತುಂಬಾ ಇಷ್ಟ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆಂಡ್ರಿಯಾ ಫೇಬರ್ ಟೇಲರ್ ಮತ್ತು ಫ್ರಾನ್ಸಿಸ್ ಕುವೋ ಮಾಡಿದ್ದು. ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಚಡಪಡಿಕೆ ಜಾಸ್ತಿ ಇರುವ ತೊಂದರೆ ಇರುವ, 7ರಿಂದ 12 ವರ್ಷದ ಮಕ್ಕಳನ್ನು 20 ನಿಮಿಷ ನಡೆಸಿಕೊಂಡು ಹೋದರು. ಒಂದು ದಿನ ಪಾರ್ಕಿನಲ್ಲಿ, ಒಂದು ದಿನ ಪೇಟೆಯಲ್ಲಿ, ಇನ್ನೊಂದು ದಿನ ಮನೆಗಳಿರುವ ಬೀದಿಯಲ್ಲಿ. ಪಾರ್ಕಿನಲ್ಲಿ ನಡೆದು ಬಂದ ದಿನ ಅದೇ ಮಕ್ಕಳ ಏಕಾಗ್ರತೆ ಚೆನ್ನಾಗಿತ್ತು. ಇದ್ದದ್ದು 17 ಮಕ್ಕಳು, ಸಣ್ಣ ಅಧ್ಯಯನ. ಆದರೂ ಅದೇ ಮಗುವನ್ನು ಮೂರು ಜಾಗದಲ್ಲಿ ನಡೆಸಿ ನೋಡಿದ್ದರಿಂದ ವ್ಯತ್ಯಾಸ ಬಂದದ್ದು ಜಾಗದಿಂದ ಅನ್ನೋದಕ್ಕೆ ಬಲ ಇದೆ.

ಇನ್ನೊಂದು 2015ರದ್ದು, ಗ್ರೆಗರಿ ಬ್ರ್ಯಾಟ್‌ಮನ್ ಮತ್ತು ಸಂಗಡಿಗರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾಡಿದ್ದು. 38 ಜನರಲ್ಲಿ ಕೆಲವರು ಮರ ಹುಲ್ಲು ಇರುವ ಕಡೆ 90 ನಿಮಿಷ ನಡೆದರು, ಉಳಿದವರು ವಾಹನ ತುಂಬಿದ ರಸ್ತೆ ಪಕ್ಕ ಅಷ್ಟೇ ಹೊತ್ತು ನಡೆದರು. ಹುಲ್ಲುಗಾವಲಲ್ಲಿ ನಡೆದವರಲ್ಲಿ ಮನಸ್ಸಿನ ಕೊರೆತ ಕಡಿಮೆ ಆಗಿತ್ತು. ಆ ಕೊರೆತಕ್ಕೆ ಸಂಬಂಧಪಟ್ಟ ಮಿದುಳಿನ ಒಂದು ಭಾಗದ ಚಟುವಟಿಕೆಯೂ ತಗ್ಗಿತ್ತು. ರಸ್ತೆ ಪಕ್ಕ ನಡೆದವರಲ್ಲಿ ಹೀಗೆ ಆಗಲಿಲ್ಲ.

ಕೊರೆತ ಅಂದೆ. ಅದೇ ಮಾತನ್ನು ನೂರು ಸಲ ತಿರುವಿ ಹಾಕುವುದು. ಅವತ್ತು ಹಾಗೆ ಹೇಳಬಾರದಿತ್ತು, ಅವರು ನನ್ನ ನೋಡಿ ನಕ್ಕರು, ನಾನೇ ಸರಿ ಇಲ್ಲ, ನನ್ನ ಕೈಲಿ ಏನೂ ಆಗಲ್ಲ. ಹದಿನೈದು ಹದಿನಾರರ ವಯಸ್ಸಲ್ಲಿ ಇದು ಎಷ್ಟು ಜೋರಾಗಿರುತ್ತದೆ ಅಂತ ದೊಡ್ಡವರಾದ ಮೇಲೆ ನಾವು ಮರೆತುಬಿಡುತ್ತೇವೆ. "ಸುಮ್ನೆ ತಲೆ ಕೆಡಿಸ್ಕೋಬೇಡ" ಅಂದರೆ ಅದು ನಿಲ್ಲುವುದಿಲ್ಲ. ಆದರೆ ಕಲ್ಲುಕಲ್ಲಾದ ದಾರಿಯಲ್ಲಿ ಇಳಿಯುವಾಗ ಮುಂದಿನ ಹೆಜ್ಜೆ ಎಲ್ಲಿಡಬೇಕು ಅಂತ ನೋಡಲೇಬೇಕು, ಇಲ್ಲದಿದ್ದರೆ ಜಾರುತ್ತೀರಿ. ಕಾಲಿಗೆ, ಕಣ್ಣಿಗೆ, ಉಸಿರಿಗೆ ಕೆಲಸ ಸಿಕ್ಕಾಗ ಆ ಕೊರೆತಕ್ಕೆ ಸ್ವಲ್ಪ ಹೊತ್ತು ಬಿಡುವು ಸಿಗುತ್ತದೆ. ಸ್ವಲ್ಪ ಹೊತ್ತೇ ಇರಬಹುದು. ತಿಂಗಳುಗಟ್ಟಲೆ ಬಿಡುವೇ ಸಿಗದ ಮನಸ್ಸಿಗೆ ಅಷ್ಟೂ ದೊಡ್ಡದು, ಯಾಕೆಂದರೆ ಈ ನೋವು ನಿಲ್ಲೋಕೂ ಸಾಧ್ಯ ಅಂತ ಅದಕ್ಕೆ ಮೊದಲ ಸಲ ಗೊತ್ತಾಗುತ್ತದೆ.

ಇನ್ನೊಂದು ಸಂಗತಿ ನಾನು ನನ್ನ ಕಣ್ಣಾರೆ ನೋಡುತ್ತಲೇ ಬಂದದ್ದು. ಈ ಮಕ್ಕಳು ಬೆಳಗಿನಿಂದ ರಾತ್ರಿವರೆಗೆ ಯಾರದ್ದೋ ಕಣ್ಣಿನ ಮುಂದೆ ಇರುತ್ತಾರೆ. ಮನೆಯಲ್ಲಿ ಅಳತೆ, ಶಾಲೆಯಲ್ಲಿ ಅಳತೆ, ಕೈಯಲ್ಲಿರುವ ಫೋನಿನಲ್ಲಂತೂ ತಮ್ಮ ಮುಖಕ್ಕೆ ಎಷ್ಟು ಲೈಕ್ ಬಂತು ಅನ್ನುವ ಅಳತೆ. ಕಾಡಿನಲ್ಲಿ ಮಳೆ ಬಂದರೆ ಎಲ್ಲರೂ ಒದ್ದೆಯಾಗುತ್ತಾರೆ. ತರಗತಿಯ ಮೊದಲಿಗಳೂ ಒದ್ದೆ, ಫೇಲಾದವನೂ ಒದ್ದೆ. ಮೊದಮೊದಲು ಕೂದಲು ಸರಿಮಾಡಿಕೊಳ್ಳುತ್ತಾ, ಫೋಟೋಗೆ ಜಾಗ ಹುಡುಕುತ್ತಾ ಇದ್ದವರು ಆಮೇಲೆ ಕೆಸರು ಕಾಲಲ್ಲೇ ಕೂತು ಇರುವೆ ಸಾಲು ನೋಡುತ್ತಿರುತ್ತಾರೆ. ಆ ಹೊತ್ತಿಗೆ ಅವರ ಭುಜ ಇಳಿದಿರುತ್ತದೆ, ಅಂದರೆ ಮೈ ಬಿಗಿ ಬಿಟ್ಟಿರುತ್ತದೆ. ನಾನು ಕಾಯುವುದು ಅದಕ್ಕೇ.

ಈಗ ಜೊತೆಯವರ ವಿಷಯ. ಮನಸ್ಸು ಹಗುರ ಆಗುವುದಕ್ಕಿಂತ ಕಷ್ಟದ ಭಾಗ ಇದು ಅನ್ನಿಸುತ್ತದೆ ನನಗೆ. ಎಷ್ಟೋ ಮಕ್ಕಳು ಬರುವುದೇ "ನನಗೆ ಯಾರೂ ಇಲ್ಲ" ಅನ್ನುವ ಭಾವನೆ ಹೊತ್ತುಕೊಂಡು.

2014ರಲ್ಲಿ ಯಾಲ್ಡಾ ಉಲ್ಸ್ ಅನ್ನುವ ಸಂಶೋಧಕಿ ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಹದಿಹರೆಯಕ್ಕೆ ಕಾಲಿಡುತ್ತಿದ್ದ ಸುಮಾರು 50 ಮಕ್ಕಳು ಐದು ದಿನ ಹೊರಾಂಗಣ ಶಿಬಿರದಲ್ಲಿದ್ದರು. ಫೋನ್, ಟಿವಿ, ಕಂಪ್ಯೂಟರ್ ಯಾವುದೂ ಇರಲಿಲ್ಲ. ವಾಪಸ್ ಬಂದಾಗ ಎದುರಿನವರ ಮುಖ, ಹಾವಭಾವ ನೋಡಿ ಅವರಿಗೆ ಏನನ್ನಿಸುತ್ತಿದೆ ಅಂತ ಗುರುತಿಸುವುದರಲ್ಲಿ, ಎಂದಿನ ಹಾಗೆ ಸ್ಕ್ರೀನ್ ನೋಡಿಕೊಂಡಿದ್ದ ಮಕ್ಕಳಿಗಿಂತ ಜಾಸ್ತಿ ಸುಧಾರಿಸಿದ್ದರು. ಇದರಲ್ಲಿ ಹಸಿರಿನ ಪಾಲೆಷ್ಟು, ಸ್ಕ್ರೀನ್ ಇಲ್ಲದ್ದರ ಪಾಲೆಷ್ಟು, ಸದಾ ಜೊತೆಗಿದ್ದದ್ದರ ಪಾಲೆಷ್ಟು ಅಂತ ಬಿಡಿಸಿ ಹೇಳಲಾಗುವುದಿಲ್ಲ. ನಿಜ ಹೇಳಬೇಕೆಂದರೆ ನನಗೆ ಬಿಡಿಸುವ ಅಗತ್ಯವೂ ಕಾಣುವುದಿಲ್ಲ. ಮೂರೂ ಒಟ್ಟಿಗೆ ಸಿಗುವ ಜಾಗ ಬೇರೆಲ್ಲಿದೆ ಹೇಳಿ.

ಆದರೆ ಕಾಡಿನಲ್ಲಿ ಬಿಟ್ಟರೆ ಮಕ್ಕಳು ತಾವಾಗಿ ಒಂದಾಗುತ್ತಾರೆ ಅಂದುಕೊಂಡರೆ ತಪ್ಪು. 1954ರಲ್ಲಿ ಮುಜಾಫರ್ ಶೆರಿಫ್ ಅನ್ನುವ ಮನಃಶಾಸ್ತ್ರಜ್ಞ ಅಮೆರಿಕದ ಒಕ್ಲಹೋಮಾದ ರಾಬರ್ಸ್ ಕೇವ್ ಅನ್ನುವ ಕಾಡುಪ್ರದೇಶದಲ್ಲಿ ಒಂದು ಶಿಬಿರ ನಡೆಸಿದ್ದರು. 11–12 ವರ್ಷದ 22 ಹುಡುಗರು, ಎರಡು ಗುಂಪು. ಗುಂಪುಗಳ ನಡುವೆ ಪಂದ್ಯ, ಗೆದ್ದವರಿಗೆ ಬಹುಮಾನ ಅಂತ ಇಟ್ಟರು. ಕೆಲವೇ ದಿನಕ್ಕೆ ಬೈಗುಳ ಶುರುವಾಯಿತು, ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು, ಒಬ್ಬರ ಕೋಣೆಗೆ ಇನ್ನೊಬ್ಬರು ನುಗ್ಗಿದರು. ಎರಡೂ ಗುಂಪನ್ನು ಸುಮ್ನೆ ಒಂದೆಡೆ ಊಟಕ್ಕೆ ಕೂರಿಸಿದರೂ ಜಗಳ ನಿಲ್ಲಲಿಲ್ಲ. ಆಮೇಲೆ ಶಿಬಿರಕ್ಕೆ ನೀರು ಬರುವುದು ನಿಂತಿತು, ಟ್ರಕ್ ಕೆಟ್ಟು ನಿಂತಿತು. ಇವೆರಡೂ ಸಂಶೋಧಕರೇ ಬೇಕೆಂದು ಮಾಡಿದ್ದು. ಎಲ್ಲರೂ ಸೇರಿ ಪೈಪ್ ಹುಡುಕಬೇಕಾಯಿತು, ಎಲ್ಲರೂ ಸೇರಿ ಹಗ್ಗ ಹಿಡಿದು ಎಳೆಯಬೇಕಾಯಿತು. ಹಾಗೆ ಒಂದೊಂದೇ ಕೆಲಸ ಮಾಡುತ್ತಾ ಹಗೆ ಕರಗಿತು. ಮಕ್ಕಳಿಗೆ ಹೇಳದೆ ಹೀಗೆ ಪ್ರಯೋಗ ಮಾಡಿದ್ದನ್ನು ನಾನು ಒಪ್ಪುವುದಿಲ್ಲ, ಇವತ್ತು ಯಾರೂ ಹಾಗೆ ಮಾಡಲೂಬಾರದು. ಆದರೆ ಅದೇ ಕಾಡು, ಅದೇ ಹುಡುಗರು. ಪಂದ್ಯ ಇಟ್ಟಾಗ ಶತ್ರುಗಳಾದರು, ಹಗ್ಗ ಕೊಟ್ಟಾಗ ಗೆಳೆಯರಾದರು.

ಹಾಗಾಗಿ ನಮ್ಮ ಗುಂಪಿನಲ್ಲಿ ಪಂದ್ಯ ಇರುವುದಿಲ್ಲ. ಕೆಲಸ ಇರುತ್ತದೆ. ಟೆಂಟ್ ಹಾಕಬೇಕು, ನೀರು ತರಬೇಕು, ಹಿಂದೆ ಉಳಿದವರಿಗೆ ಕಾಯಬೇಕು. "ನಿಮ್ಮ ಮನಸ್ಸಿನಲ್ಲಿರೋದನ್ನ ಹಂಚಿಕೊಳ್ಳಿ" ಅಂತ ವೃತ್ತಾಕಾರದಲ್ಲಿ ಕೂರಿಸಿದರೆ ನೆಲ ನೋಡುವ ಮಕ್ಕಳು, ಪಕ್ಕಪಕ್ಕ ನಡೆಯುವಾಗ ತಾವೇ ಶುರು ಮಾಡುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕಾಗಿಲ್ಲ, ಉತ್ತರಕ್ಕೆ ಅವಸರ ಇಲ್ಲ, ಮಾತು ನಿಂತರೆ ದಾರಿ ಇದ್ದೇ ಇದೆ. ಮೌನ ಅಲ್ಲಿ ಯಾರಿಗೂ ಇರಿಸುಮುರಿಸು ಅನ್ನಿಸುವುದಿಲ್ಲ.

ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಬಲವಂತವಾಗಿ ಎಳೆದುಕೊಂಡು ಹೋಗಬೇಡಿ. ಅಮೆರಿಕದಲ್ಲಿ "ದಾರಿ ತಪ್ಪಿದ" ಮಕ್ಕಳನ್ನು ಕಾಡಿಗೆ ಕರೆದೊಯ್ದು ತಿದ್ದುತ್ತೇವೆ ಅನ್ನುವ ಖಾಸಗಿ ಶಿಬಿರಗಳು ದೊಡ್ಡ ಉದ್ಯಮವಾಗಿ ಬೆಳೆದವು. ಕೆಲವು ಕಡೆ ರಾತ್ರಿ ಮಲಗಿದ್ದ ಮಗುವನ್ನು ಅಪರಿಚಿತರು ಬಂದು ಎಬ್ಬಿಸಿ ಕರೆದೊಯ್ಯುತ್ತಿದ್ದರು, ಅದೂ ಹೆತ್ತವರ ಒಪ್ಪಿಗೆ ಪಡೆದು. 2007ರಲ್ಲಿ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಒಂದು ವರದಿ ಕೊಟ್ಟಿತು. 1990ರಿಂದ 2004ರ ನಡುವೆ ಇಂಥ ಶಿಬಿರ, ವಸತಿ ಕೇಂದ್ರಗಳಲ್ಲಿ ಸತ್ತ 10 ಮಕ್ಕಳ ಪ್ರಕರಣಗಳನ್ನು ಅದು ಬಿಡಿಸಿ ನೋಡಿತ್ತು. ತರಬೇತಿ ಇಲ್ಲದ ಸಿಬ್ಬಂದಿ, ಸರಿಯಾಗಿ ಸಿಗದ ಊಟ, ಮಗು ನರಳಿದರೆ ನಾಟಕ ಅಂತ ತಳ್ಳಿಹಾಕಿದ್ದು, ಇದೆಲ್ಲ ಅದರಲ್ಲಿದೆ. ಓದುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆ ಮಕ್ಕಳ ಸುತ್ತಲೂ ಮರ, ಬೆಟ್ಟ, ಆಕಾಶ ಬೇಕಾದಷ್ಟಿತ್ತು. ಅವರ ಮಾತು ನಂಬುವ ಒಬ್ಬ ದೊಡ್ಡವರು ಇರಲಿಲ್ಲ. ಮಗುವನ್ನು ಎಲ್ಲಿಗಾದರೂ ಕಳಿಸುವ ಮೊದಲು ಕೇಳಿ: ಜೊತೆಗಿರುವವರಿಗೆ ಯಾವ ತರಬೇತಿ ಇದೆ? ಹುಷಾರು ತಪ್ಪಿದರೆ ಏನು ವ್ಯವಸ್ಥೆ? ಮಗು ಬೇಕೆಂದಾಗ ಮನೆಗೆ ಫೋನ್ ಮಾಡಬಹುದಾ, ಸಾಕು ಅಂದರೆ ವಾಪಸ್ ಬರಬಹುದಾ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಕಳಿಸಬೇಡಿ.

ಹಾಗೆಯೇ, ಮಗು ಸಾಯುವ ಮಾತಾಡುತ್ತಿದ್ದರೆ, ಮೈ ಕೈ ಕೊಯ್ದುಕೊಳ್ಳುತ್ತಿದ್ದರೆ, ವಾರಗಟ್ಟಲೆ ಊಟ ನಿದ್ದೆ ಬಿಟ್ಟಿದ್ದರೆ, ಇಲ್ಲದ ದನಿ ಕೇಳಿಸುತ್ತಿದೆ ಅನ್ನುತ್ತಿದ್ದರೆ ಮೊದಲು ಮನೋವೈದ್ಯರ ಹತ್ತಿರ ಹೋಗಿ. ಬೆಟ್ಟ ಆಮೇಲೆ. ಚಿಕಿತ್ಸೆಯ ಜೊತೆಗೆ ಹೊರಗಿನ ಓಡಾಟ ಇದ್ದರೆ ಒಳ್ಳೆಯದು. ಚಿಕಿತ್ಸೆ ಬಿಟ್ಟು ಅದೊಂದೇ ಅಂದರೆ ನಾನೇ ಬೇಡ ಅನ್ನುತ್ತೇನೆ. ಕೊಟ್ಟ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

"ಅಷ್ಟು ದೂರ ಕಾಡಿಗೆ ಹೋಗೋಕೆ ನಮಗೆ ಆಗಲ್ಲ" ಅನ್ನುವವರಿಗೆ: ಬೇಕಾಗಿಲ್ಲ. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿದ ಒಂದು ಅಧ್ಯಯನ ಬಂತು. ವಾರಕ್ಕೆ 120 ನಿಮಿಷ ಅಥವಾ ಜಾಸ್ತಿ ಹಸಿರಿನ ನಡುವೆ ಕಳೆದವರು, ಹಸಿರಿನ ಕಡೆಗೇ ಹೋಗದವರಿಗಿಂತ ತಮ್ಮ ಆರೋಗ್ಯ, ಮನಸ್ಸು ಚೆನ್ನಾಗಿದೆ ಅಂತ ಹೇಳಿಕೊಳ್ಳುವುದು ಜಾಸ್ತಿ ಇತ್ತು. ಒಂದೇ ಸಲ ಎರಡು ಗಂಟೆ ಆದರೂ ಸರಿ, ಚೂರುಚೂರಾದರೂ ಸರಿ. ಅದರಲ್ಲಿ ಪಾರ್ಕಿಗೆ ಹೋದವರೂ ಸೇರಿದ್ದರು. ಚೆನ್ನಾಗಿರುವವರೇ ಹೊರಗೆ ಹೋಗುತ್ತಾರೆ ಅನ್ನುವ ಸಾಧ್ಯತೆ ಇಂಥ ಅಧ್ಯಯನದಲ್ಲಿ ಇದ್ದೇ ಇರುತ್ತದೆ, ಆದರೂ ಎರಡು ಗಂಟೆ ಅನ್ನುವುದು ಹಿಡಿದುಕೊಳ್ಳಲು ಒಳ್ಳೆಯ ಲೆಕ್ಕ. ಕೆನಡಾದಲ್ಲಿ 2020ರಿಂದ ವೈದ್ಯರು ಇದನ್ನೇ ಚೀಟಿಯಲ್ಲಿ ಬರೆದುಕೊಡುವ ಯೋಜನೆ ಇದೆ: ವಾರಕ್ಕೆ ಎರಡು ಗಂಟೆ, ಒಂದು ಸಲಕ್ಕೆ ಕನಿಷ್ಠ 20 ನಿಮಿಷ. ಅಷ್ಟೂ ಆಗದ ದಿನ ಕಿಟಕಿಯಾದರೂ ಇರಲಿ. ಪಿತ್ತಕೋಶದ ಆಪರೇಷನ್ ಆದ ರೋಗಿಗಳಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತು ಅಂತ ರೋಜರ್ ಉಲ್ರಿಚ್ ಅನ್ನುವ ಸಂಶೋಧಕ 1984ರಲ್ಲೇ ಬರೆದಿದ್ದರು.

ಇನ್ನು ಉಳಿದದ್ದು, ಎಲ್ಲಕ್ಕಿಂತ ಜಾಸ್ತಿ ಕೇಳುವುದು. "ಬರಲ್ಲ ಅಂದ್ರೆ ಏನು ಮಾಡೋದು?"

ಮೊದಲು ನೀವು ಹೋಗಿ. ದಿನಾ ಒಂದೇ ಹೊತ್ತಿಗೆ, ಅವಳಿಗೆ ಹೇಳಿ ಹೋಗಿ, ಕರೆಯದೆ ಹೋಗಿ. ಕೆಲವು ದಿನ ಆದ ಮೇಲೆ ಒಂದು ಸಲ ಕರೆಯಿರಿ, ಬೇಡ ಅಂದರೆ ಸರಿ ಅನ್ನಿ, ಮುಖ ಸಣ್ಣ ಮಾಡಬೇಡಿ. ಬಂದ ದಿನ ಯಾವ ಕಡೆ ಹೋಗಬೇಕು ಅಂತ ಅವಳೇ ಹೇಳಲಿ. ಫೋನ್ ಕಿತ್ತುಕೊಳ್ಳಬೇಡಿ. ನಿಮ್ಮದನ್ನು ಮನೆಯಲ್ಲಿ ಬಿಟ್ಟು ಹೋಗಿ, ಅವಳದ್ದು ಅವಳ ಜೇಬಲ್ಲೇ ಇರಲಿ. ದಾರಿಯಲ್ಲಿ ಓದಿನ ಮಾತು ಬೇಡ, ಬುದ್ಧಿಮಾತು ಖಂಡಿತ ಬೇಡ. ಗೆಳತಿಯ ಜೊತೆ ಹೋಗ್ತೀನಿ, ನೀವು ಬೇಡ ಅಂದರೆ ಬೇಜಾರು ಮಾಡಿಕೊಳ್ಳದೆ ಕಳಿಸಿ, ಎಷ್ಟೋ ಸಲ ಅದೇ ಹೆಚ್ಚು ಒಳ್ಳೆಯದು. ವಾಪಸ್ ಬಂದ ಮೇಲೆ "ಈಗ ಹೇಗನ್ನಿಸ್ತಿದೆ, ಪರವಾಗಿಲ್ವಾ?" ಅಂತ ಪರೀಕ್ಷೆ ಮಾಡಬೇಡಿ. ಮತ್ತೆ ಯಾವಾಗ ಹೋಗೋಣ ಅಂತ ಮಾತ್ರ ಕೇಳಿ.