ಬಡ್ಡಿ ಬಂತು, ಎಲ್ಲಿಂದ ಬಂತು?

ನಾನು ಪ್ರೈವೇಟ್ ಕ್ರೆಡಿಟ್ ಫಂಡಿನವನು, ಅಂದರೆ ಬ್ಯಾಂಕ್ ಅಲ್ಲದೆ ಕಂಪನಿಗಳಿಗೆ ನೇರವಾಗಿ ಸಾಲ ಕೊಡುವ ಫಂಡು. 2025ರ ಸೆಪ್ಟೆಂಬರ್ 30, ನಮ್ಮಿಂದ ಸಾಲ ಪಡೆದ ಸ್ಪಾಂಜ್ ಕಬ್ಬಿಣದ ಕಂಪನಿಯೊಂದು ಮೂರು ತಿಂಗಳ ಬಡ್ಡಿ ಕಟ್ಟಬೇಕಾದ ಕೂಪನ್ ದಿನ. ಸಂಜೆ ನಾಲ್ಕರಿಂದ ಕಂಪನಿಯ ಅಕೌಂಟೆಂಟ್‌ಗೆ ಐದು ಸಲ ಫೋನ್ ಹೋಗಿತ್ತು. ಪ್ರತಿ ಸಲವೂ ಒಂದೇ ಉತ್ತರ: "ಹಾಕ್ತೀವ್ರಿ ಸರ್, ಹೊಸಪೇಟೆ ಪಾರ್ಟಿ ಪೇಮೆಂಟ್ ಬರೋದೈತಿ." ಹಣ ಬಾರದೆ ರಾತ್ರಿ ಹನ್ನೆರಡು ದಾಟಿದರೆ ಸಾಲದ ಡೀಡ್ ಪ್ರಕಾರ ಡೀಫಾಲ್ಟ್. ಒಂದು ಸಾಲ ತಪ್ಪಿದರೆ ಇನ್ನೊಂದೂ ತಪ್ಪಿದಂತೆ ಎನ್ನುವ ಕ್ರಾಸ್ ಡೀಫಾಲ್ಟ್ ಷರತ್ತು ಇರುವುದರಿಂದ ಬ್ಯಾಂಕಿನ ಸಿಸಿ (ದಾಸ್ತಾನು, ಬಾಕಿ ವಸೂಲಿ ನೋಡಿ ಕೊಡುವ ಕ್ಯಾಶ್ ಕ್ರೆಡಿಟ್ ಸಾಲ) ಕೂಡ ಅದರ ಹಿಂದೆಯೇ ಬೀಳುತ್ತದೆ. 6:40ಕ್ಕೆ 75 ಲಕ್ಷ ಜಮೆಯಾಯಿತು. "ಕೂಪನ್ ಬಂದಿದೆ, ತೊಂದರೆ ಇಲ್ಲ" ಎಂದು ಬೆಂಗಳೂರಿಗೆ ಮೇಲ್ ಹಾಕಿದೆ. ಡ್ಯಾಶ್‌ಬೋರ್ಡ್ ಹಸಿರಾಯಿತು.

ಕೂಪನ್ ಹಣ ಹಾದು ಬರುವ ಎಸ್ಕ್ರೋ ಖಾತೆಯ ಸ್ಟೇಟ್‌ಮೆಂಟ್ ಅಂದು ತೆರೆಯಲಿಲ್ಲ. ತೆರೆದಿದ್ದರೆ ಮಧ್ಯಾಹ್ನದವರೆಗೆ ಅಲ್ಲಿ ಇದ್ದದ್ದು 36 ಲಕ್ಷ ಮಾತ್ರ, ಉಳಿದ 39 ಲಕ್ಷ ಅದೇ ಕಂಪನಿಯ ಸಿಸಿ ಖಾತೆಯಿಂದ ಒಂದೇ ಸಲಕ್ಕೆ ಬಂದಿದೆ ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಹೊಸಪೇಟೆ ಪಾರ್ಟಿಯ ಹಣ ಅದರಲ್ಲಿ ಇರಲೇ ಇಲ್ಲ.

ಘಟಕ ಕೊಪ್ಪಳ ಜಿಲ್ಲೆಯದು: ದಿನಕ್ಕೆ 100 ಟನ್ನಿನ ಎರಡು ಕಿಲ್ನ್ (ಅದಿರನ್ನು ಕಲ್ಲಿದ್ದಲಿನ ಜೊತೆ ಕಾಯಿಸುವ ಕುಲುಮೆ), ತಿಂಗಳಿಗೆ ಸುಮಾರು 5,000 ಟನ್ ಸ್ಪಾಂಜ್. ನಮ್ಮ ಫಂಡಿನ ಎನ್‌ಸಿಡಿ (ಷೇರಾಗಿ ಬದಲಾಗದ ಸಾಲಪತ್ರ) 30 ಕೋಟಿ, ವರ್ಷಕ್ಕೆ 16%. ಬ್ಯಾಂಕಿನ ಸಿಸಿ 15 ಕೋಟಿ. ಸ್ಥಿರಾಸ್ತಿ ಮೇಲೆ ನಮಗೆ ಮೊದಲ ಚಾರ್ಜ್ (ಅಡಮಾನದ ಹಕ್ಕು), ದಾಸ್ತಾನು ಮತ್ತು ಬಾಕಿ ವಸೂಲಿ ಮೇಲೆ ಬ್ಯಾಂಕಿಗೆ ಮೊದಲ ಚಾರ್ಜ್, ನಮಗೆ ಎರಡನೆಯದು. ಆ 30 ಕೋಟಿ ಹೋದದ್ದು ಅಣ್ಣತಮ್ಮಂದಿರ ಪಾಲಿನ ಲೆಕ್ಕಕ್ಕೆ. ತಮ್ಮನ ಷೇರು ಕೊಳ್ಳಲು ಬ್ಯಾಂಕ್ ಸಾಲ ಕೊಡುವುದಿಲ್ಲ ಎಂದಾಗ ಪ್ರೈವೇಟ್ ಕ್ರೆಡಿಟ್ ಬಾಗಿಲಿಗೆ ಬಂದರು. ಹಳೆಯ ಪಿಇ (ಪ್ರೈವೇಟ್ ಈಕ್ವಿಟಿ) ಹೂಡಿಕೆದಾರರ ಷೇರು ಕೊಂಡು ಅವರನ್ನು ಕಳಿಸಿಕೊಡಲು ಪ್ರವರ್ತಕರು ನಮ್ಮಂಥವರ ಹತ್ತಿರ ಬರುವುದೂ ಇದೇ ಕಾರಣಕ್ಕೆ. ಇಂಥ ಸಾಲದಿಂದ ಕಿಲ್ನ್‌ಗೆ ಒಂದು ಟನ್ ಸಾಮರ್ಥ್ಯವೂ ಸೇರುವುದಿಲ್ಲ, ಕಂಪನಿಯ ಮೇಲೆ ಬಡ್ಡಿ ಮಾತ್ರ ಸೇರುತ್ತದೆ.

ಲೆಕ್ಕ ನೋಡಿ. ಟನ್ನಿಗೆ 1,500 ರೂಪಾಯಿ ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭ) ಸಿಕ್ಕರೆ ಕ್ವಾರ್ಟರಿನ, ಅಂದರೆ ಮೂರು ತಿಂಗಳ, 15,000 ಟನ್ನಿಗೆ 2.25 ಕೋಟಿ. ನಮ್ಮ ಬಡ್ಡಿ 1.20 ಕೋಟಿ, ಬ್ಯಾಂಕಿನದು 39 ಲಕ್ಷ. ಕವರೇಜ್ (ಲಾಭ ಬಡ್ಡಿಯ ಎಷ್ಟು ಪಟ್ಟು) 1.4. ನೋಟ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಮಳೆಗಾಲದಲ್ಲಿ ಕಟ್ಟಡದ ಕೆಲಸ ನಿಂತು ಸ್ಪಾಂಜ್ ದರ ಟನ್ನಿಗೆ ಸಾವಿರ ಇಳಿಯಿತು. ಅದಿರು, ಕಲ್ಲಿದ್ದಲಿನ ದರ ಇಳಿಯಲಿಲ್ಲ. 1,500 ಹೋಗಿ 500 ಆಯಿತು, ಕ್ವಾರ್ಟರಿಗೆ 75 ಲಕ್ಷ. ಅದರಲ್ಲಿ ಬ್ಯಾಂಕಿನ 39 ಲಕ್ಷ ಕಳೆದರೆ ಉಳಿಯುವುದು 36 ಲಕ್ಷ.

ಆಗಸ್ಟ್‌ನಲ್ಲೇ ಪ್ರವರ್ತಕರು ಪಿಕ್ ಕೇಳಿದ್ದರು, ಅಂದರೆ ಬಡ್ಡಿಯ ಒಂದು ಭಾಗ ನಗದು ಕಟ್ಟದೆ ಅಸಲಿಗೆ ಸೇರಿಸುವುದು. ಎರಡು ಕ್ವಾರ್ಟರ್ 10% ನಗದು, ಉಳಿದ 6%ಕ್ಕೆ ಇನ್ನೂ 2% ಸೇರಿಸಿ 8% ಅಸಲಿಗೆ. ಪಿಕ್‌ಗೆ ಒಪ್ಪಬಹುದು ಎಂದು ಶಿಫಾರಸು ಬರೆದವನು ನಾನೇ. ಎಕ್ಸೆಲ್‌ನಲ್ಲಿ ಆ ಎರಡು ಕ್ವಾರ್ಟರಿನ ಇಳುವರಿ 16ರಿಂದ 18ಕ್ಕೆ ಏರಿತು, ಅಸಲು ಡಿಸೆಂಬರ್ ಕೊನೆಗೆ 31.21 ಕೋಟಿ. ಫಂಡಿನ ಹೂಡಿಕೆ ಸಮಿತಿಯಲ್ಲಿ (ಐಸಿ) ಅರ್ಧ ಗಂಟೆಯಲ್ಲಿ ಪಾಸಾಯಿತು. ಆದಾಯ ಏರಿದ್ದನ್ನು ಎಲ್ಲರೂ ನೋಡಿದರು. ಕೈಗೆ ಬರುವ ಹಣ 1.20 ಕೋಟಿಯಿಂದ 75 ಲಕ್ಷಕ್ಕೆ ಇಳಿದರೂ ಆ 75 ಲಕ್ಷಕ್ಕೇ ತತ್ವಾರ ಎಂಬ ಸಾಲು ನನ್ನ ನೋಟ್‌ನಲ್ಲಿ ಇರಬೇಕಿತ್ತು, ಇರಲಿಲ್ಲ.

ಕೂಪನ್ ಬಂದ ಆ ವಾರ ಅಮೆರಿಕದ ಸುದ್ದಿ ಎಲ್ಲರ ಫೋನಿನಲ್ಲಿತ್ತು. ಸೆಪ್ಟೆಂಬರ್ 10ಕ್ಕೆ ಕಾರು ಸಾಲದ ಟ್ರೈಕಲರ್, 28ಕ್ಕೆ ವಾಹನ ಬಿಡಿಭಾಗಗಳ ಫಸ್ಟ್ ಬ್ರ್ಯಾಂಡ್ಸ್ ದಿವಾಳಿ ಅರ್ಜಿ ಹಾಕಿದ್ದವು. ಒಂದೇ ಆಸ್ತಿಯನ್ನು ಇಬ್ಬರಿಗೆ ಅಡ ಇಟ್ಟ ಆರೋಪ ಎರಡೂ ಕಡೆ. ಐಎಂಎಫ್ ಲೆಕ್ಕದಲ್ಲಿ 2023ಕ್ಕೇ 2.1 ಲಕ್ಷ ಕೋಟಿ ಡಾಲರ್ ಮುಟ್ಟಿದ್ದ ಪ್ರೈವೇಟ್ ಕ್ರೆಡಿಟ್ ಮಾರುಕಟ್ಟೆಯಲ್ಲಿ ಹೀಗಾಯಿತೆಂದು ಓದಿ, ಅದು ದೂರದ ಮಾತು ಎಂದುಕೊಂಡೆ. ಕೊಪ್ಪಳದ ಯಾರ್ಡ್‌ನಲ್ಲಿ ಆಗುತ್ತಿದ್ದದ್ದೂ ಅದರ ಜಾತಿಯದೇ.

ನವೆಂಬರ್‌ನಲ್ಲಿ ಬ್ಯಾಂಕಿನ ಸ್ಟಾಕ್ ಆಡಿಟರ್ ಜೊತೆ ಹೋದೆವು. ಕಂಪನಿ ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ ಕಲ್ಲಿದ್ದಲು 9,000 ಟನ್, ಟನ್ನಿಗೆ 10,000, ಒಟ್ಟು 9 ಕೋಟಿ. ಟೇಪ್ ಹಿಡಿದು ರಾಶಿಯ ಉದ್ದ, ಅಗಲ, ಎತ್ತರ ಅಳೆದರೆ 10,600 ಘನ ಮೀಟರ್, ಘನ ಮೀಟರಿಗೆ 0.85 ಟನ್ ಹಿಡಿದರೆ 9,010 ಟನ್. ಸರಿಯಾಗಿ ಕೂತಿತು. ಜುಲೈ ಭೇಟಿಯಲ್ಲಿ ನಾನು ಇದೇ ರಾಶಿಯನ್ನು ವೇ ಬ್ರಿಡ್ಜ್ ಕ್ಯಾಬಿನ್ ಪಕ್ಕ ನಿಂತು ಫೋಟೋ ತೆಗೆದು ಸಹಿ ಹಾಕಿದ್ದೆ.

ಆಡಿಟರ್ ವಯಸ್ಸಾದವರು. ಅವರು ಕೇಳಿದ್ದು ಕಲ್ಲಿದ್ದಲಿನ ರಿಜಿಸ್ಟರ್ ಅಲ್ಲ, ಚಾರ್ (ಕಿಲ್ನ್‌ನಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಶೇಷ) ಮಾರಾಟದ ಇನ್‌ವಾಯ್ಸ್. ಮೂರು ತಿಂಗಳಿಂದ ಒಂದೂ ಇರಲಿಲ್ಲ. ಕಿಲ್ನ್ ಓಡಿದರೆ ಚಾರ್ ಬಂದೇ ಬರುತ್ತದೆ, ಬಾಯ್ಲರಿನವರು ಒಯ್ಯುತ್ತಾರೆ. ಮಾರದ ಚಾರ್ ಎಲ್ಲಿ? ಯಾರ್ಡ್ ಸೂಪರ್‌ವೈಸರ್ ಮೊದಲು "ಆ ಕಡೆ ಐತ್ರಿ" ಎಂದು ಗೋಡೆಯತ್ತ ಕೈ ತೋರಿಸಿದರು. ಗೋಡೆ ಹತ್ತಿರ ಹೆಚ್ಚೆಂದರೆ ನಾಲ್ಕು ಟಿಪ್ಪರ್ ಚಾರ್ ಇದ್ದೀತು. ಆಡಿಟರ್ ಜೆಸಿಬಿ ಕರೆಸಿದರು. "ಇಲ್ಲೀತನಕ ಯಾರೂ ಕೆದರಿಸಿಲ್ಲರಿ ಸರ್" ಎಂದ ಸೂಪರ್‌ವೈಸರ್ ಆಮೇಲೆ ಮಾತಾಡಲಿಲ್ಲ.

ಮೊದಲ ಬಕೆಟ್ ಕಲ್ಲಿದ್ದಲು: ಹೊಳಪಿನ ಗಟ್ಟಿ ಹೆಂಟೆ. ಎರಡನೆಯದೂ ಹಾಗೇ. ನನಗೆ ಉಸಿರು ಬಂತು, ಅಷ್ಟರಲ್ಲೇ ಬೇಗ ಮುಗಿಸೋಣ ಎನಿಸಿತ್ತು. ಬುಡಕ್ಕೆ ಹಾಕಿದ ಬಕೆಟ್‌ನಲ್ಲಿ ಬೂದು ಮಿಶ್ರಿತ ಕಪ್ಪು, ಕೈಯಲ್ಲಿ ಹಿಡಿದರೆ ಪುಡಿ. ಆಡಿಟರ್ ಜೇಬಿನ ಮ್ಯಾಗ್ನೆಟ್ ಅದರಲ್ಲಿ ಆಡಿಸಿದರು. ಉಳಿದ ಕಬ್ಬಿಣದ ಕಣ ಮೀಸೆಯಂತೆ ಅಂಟಿತು. ಕಲ್ಲಿದ್ದಲಿಗೆ ಹಾಗೆ ಅಂಟುವುದಿಲ್ಲ. ಚಾರ್ ಮೇಲೆ ಕಲ್ಲಿದ್ದಲು ಹೊದಿಸಿದ್ದರು. ಐದು ಕಡೆ ಸೀಳಿದ ಮೇಲೆ ನಿಜವಾದ ಕಲ್ಲಿದ್ದಲು 4,200 ಟನ್ ಎಂದು ಬರೆದುಕೊಂಡೆವು. ಅದರಲ್ಲೂ 2,500 ಟನ್ ಕೃಷ್ಣಪಟ್ಟಣಂ ಬಂದರಿನಿಂದ ಉದ್ರಿಯಲ್ಲಿ ಬಂದ ಮಾಲು, ಟ್ರೇಡರ್‌ಗೆ ಹಣ ಹೋಗಿಲ್ಲ. ಬಾಕಿ ಕಳೆದು 25% ಮಾರ್ಜಿನ್ ಹಿಡಿದರೆ ಕಲ್ಲಿದ್ದಲಿನ ಡ್ರಾಯಿಂಗ್ ಪವರ್ (ಅದರ ಮೇಲೆ ಸಿಸಿಯಿಂದ ತೆಗೆಯಬಹುದಾದ ಹಣ, ಡಿಪಿ) 1.275 ಕೋಟಿ. ಕಂಪನಿ ತೋರಿಸಿದ್ದು 6.75 ಕೋಟಿ. ಆ ಉಬ್ಬಿದ ಲಿಮಿಟ್‌ನಿಂದಲೇ ನಮ್ಮ 39 ಲಕ್ಷ ಬಂದಿತ್ತು. ಬ್ಯಾಂಕಿನ ದುಡ್ಡಿನಲ್ಲಿ ನಮ್ಮ ಬಡ್ಡಿ ಕಟ್ಟಿದ್ದರು.

ಹಳೆಯ ಸಾಲ ಕೆಟ್ಟದ್ದು ಕಾಣದಂತೆ ಹೊಸ ಹಣ ಸುತ್ತಿಸುವುದನ್ನು ತಡೆಯಲೆಂದೇ ಆರ್‌ಬಿಐ 2023ರ ಡಿಸೆಂಬರ್ 19ಕ್ಕೆ ಎಐಎಫ್ (ನಮ್ಮಂಥ ಪರ್ಯಾಯ ಹೂಡಿಕೆ ಫಂಡು) ಸುತ್ತೋಲೆ ತಂದದ್ದು. 2026ರ ಜನವರಿ 1ರಿಂದ ಒಂದು ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ (ಬ್ಯಾಂಕೇತರ ಹಣಕಾಸು ಕಂಪನಿ) ಇಂಥ ಫಂಡಿನ ಒಂದು ಸ್ಕೀಮಿನ 10%ಕ್ಕಿಂತ, ಎಲ್ಲ ಸೇರಿ 20%ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಅದು ಫಂಡಿನ ಮೇಲ್ಮಟ್ಟದ ಕಾವಲು. ಯಾರ್ಡ್‌ನಲ್ಲಿ ಸುತ್ತುವ ಹಣ ಅದರ ಕಣ್ಣಿಗೆ ಬೀಳುವುದಿಲ್ಲ. ಜೊತೆಗೆ ನಮ್ಮ ಎನ್‌ಸಿಡಿ ಷೇರುಪೇಟೆಯಲ್ಲಿ ಲಿಸ್ಟ್ ಆಗಿಲ್ಲ, ಹಾಗಾಗಿ ಕೋರ್ಟಿಗೆ ಹೋಗದೆ ಅಡವಿಟ್ಟ ಆಸ್ತಿ ವಶಪಡಿಸಿಕೊಳ್ಳುವ ಸರ್ಫೇಸಿ ಕಾಯ್ದೆಯ ದಾರಿ ನಮಗಿಲ್ಲ. ದಿವಾಳಿ ಪ್ರಕರಣ ನಡೆಸುವ ಎನ್‌ಸಿಎಲ್‌ಟಿಗೆ ಹೋದರೆ ಕಾಗದದ ಮೇಲೆ 330 ದಿನ. ಅಷ್ಟು ದಿನ ಕಿಲ್ನ್ ತಣ್ಣಗೆ ನಿಂತರೆ ಒಳಗಿನ ರಿಫ್ರಾಕ್ಟರಿ (ಶಾಖ ತಡೆಯುವ ಪದರ) ಬಿರುಕು ಬಿಡುತ್ತದೆ; ಮತ್ತೆ ಲೈನಿಂಗ್, ಮತ್ತೆ ದಿನಗಟ್ಟಲೆ ಹೀಟಿಂಗ್. ಅದಕ್ಕೇ ಮೊದಲೇ ಕಾಣಬೇಕಿತ್ತು ಎನ್ನುವುದು.

ಬ್ಯಾಂಕ್ ಡಿಪಿ ಕತ್ತರಿಸಿತು. ಪ್ರವರ್ತಕರು ಮನೆಯ ಹಣ 3 ಕೋಟಿ ತಂದು ಸಬಾರ್ಡಿನೇಟ್ ಮಾಡಿದರು, ಅಂದರೆ ಅದರ ವಾಪಸಾತಿ ಉಳಿದ ಸಾಲಗಳ ನಂತರ. ಎರಡನೇ ಕ್ವಾರ್ಟರಿನ ಪಿಕ್ ನಿಲ್ಲಿಸಿದೆವು, ಸಿಸಿಯಿಂದ ಎಸ್ಕ್ರೋಗೆ ಹಣ ಬರಕೂಡದು ಎಂಬ ಸಾಲನ್ನು ಡೀಡ್‌ಗೆ ಸೇರಿಸಿದೆವು. ಈಗ ಯಾವ ಸ್ಪಾಂಜ್ ಘಟಕಕ್ಕೆ ಹೋದರೂ ಮೊದಲು ಮೂರು ಕಾಗದ ಕೇಳುತ್ತೇನೆ: ಚಾರ್ ಇನ್‌ವಾಯ್ಸ್, ಕಲ್ಲಿದ್ದಲು ಟ್ರೇಡರ್‌ನ ಲೆಡ್ಜರ್ ದೃಢೀಕರಣ, ಕೂಪನ್ ದಿನಕ್ಕೆ ಹಿಂದಿನ ಹತ್ತು ದಿನಗಳ ಎಸ್ಕ್ರೋ ಸ್ಟೇಟ್‌ಮೆಂಟ್. ಆಮೇಲೆ ಜೆಸಿಬಿ.

ಡ್ಯಾಶ್‌ಬೋರ್ಡ್‌ಗೆ "ಕೂಪನ್ ಹಣದ ಮೂಲ" ಎಂಬ ಒಂದು ಕಾಲಂ ಸೇರಿಸಿ ಎಂದು ಮೇಲಿನವರಿಗೆ ಮೂರು ಮೇಲ್ ಹಾಕಿದ್ದೇನೆ. ಅದಿನ್ನೂ ಜಮೆಯಾದ ದಿನಾಂಕ ನೋಡಿಯೇ ಹಸಿರಾಗುತ್ತಿದೆ.