ತೊಟ್ಟಿಯಲ್ಲೇ ಉಳಿದಿದ್ದ ಮೂರು ಕ್ಯೂಬು

ಬೆಂಗಳೂರಿನ ಸೈಟುಗಳಲ್ಲಿ ಕಾಂಕ್ರೀಟಿನ ಗುಣಮಟ್ಟ ನೋಡಿಕೊಳ್ಳುವುದು ನನ್ನ ಕೆಲಸ. ಹದಿಮೂರು ವರ್ಷದ ಮೇಲಾಯಿತು. ನನ್ನ ಸೈಟ್ ಡೈರಿಯ ಕೊನೆ ಪುಟದಲ್ಲಿ ನಾಲ್ಕು ಸಾಲು ಇರುತ್ತವೆ. ಪ್ರತಿ ಜನವರಿಯಲ್ಲಿ ಹೊಸ ಡೈರಿ ಬಂದಾಗ ಮೊದಲು ಅವನ್ನು ನಕಲು ಮಾಡಿಕೊಳ್ಳುತ್ತೇನೆ. ಮೊನ್ನೆ ಟ್ರೇನಿ ಹುಡುಗನೊಬ್ಬ ನೋಡಿ, “ಇದೇನ್ ಸಾರ್, ಮಂತ್ರಾನಾ?” ಅಂದ. ಒಂದೊಂದು ಸಾಲೂ ನಾನು ಒಂದೊಂದು ಕಡೆ ಎಡವಿ ಬಿದ್ದ ಗುರುತು ಕಣಪ್ಪ, ಅಂದೆ. ಅವನಿಗೆ ಪೂರ್ತಿ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

2012. ಹೆಣ್ಣೂರು ಕಡೆ ಮೂರು ಬ್ಲಾಕಿನ ಅಪಾರ್ಟ್‌ಮೆಂಟ್. ನನ್ನ ಮೊದಲ ಸೈಟು. ತಗಡಿನ ಶೆಡ್ಡೇ ನಮ್ಮ ಲ್ಯಾಬು. ಒಳಗೆ ಕ್ಯೂಬ್ ಒಡೆಯುವ ಮೆಷಿನ್, ಹೊರಗೆ ನೀರಿನ ತೊಟ್ಟಿ, ಒಂದು ಮೇಜು, ಮೇಜಿನ ಮೇಲೆ ದಪ್ಪ ರಿಜಿಸ್ಟರ್.

ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಕಂಬಕ್ಕೋ ಸ್ಲ್ಯಾಬಿಗೋ ಕಾಂಕ್ರೀಟ್ ಹಾಕುವಾಗ ಅದರಲ್ಲೇ ಸ್ವಲ್ಪ ತೆಗೆದು ಕಬ್ಬಿಣದ ಅಚ್ಚಿಗೆ ತುಂಬುತ್ತೇವೆ. ಎಲ್ಲ ಕಡೆಗೂ 150 ಮಿಲಿಮೀಟರ್ ಇರುವ ಘನ. ಮಾರನೇ ದಿನ ಬಿಚ್ಚಿ, ಮೇಲೆ ಪೇಂಟಿನಲ್ಲಿ ತಾರೀಖು ಬರೆದು, ತೊಟ್ಟಿಗೆ ಬಿಡುತ್ತೇವೆ. ಕೆಲವನ್ನು 7 ದಿನಕ್ಕೆ ಒಡೆಯುತ್ತೇವೆ, ಮೂರನ್ನು 28 ದಿನಕ್ಕೆ. ಎಂ 25 ಕಾಂಕ್ರೀಟ್ ಅಂದರೆ 28 ದಿನಕ್ಕೆ ಒಂದು ಚದರ ಮಿಲಿಮೀಟರ್‌ಗೆ 25 ನ್ಯೂಟನ್ ತಡೆಯಬೇಕು. ಮೆಷಿನ್‌ನಲ್ಲಿ ಇಟ್ಟು ಒತ್ತುತ್ತಾ ಹೋದರೆ ಡಯಲ್‌ನ ಎರಡು ಮುಳ್ಳೂ ಒಟ್ಟಿಗೆ ಮೇಲೇರುತ್ತವೆ. ಕ್ಯೂಬು ಠಪ್ ಅಂತ ಸೀಳಿದ ಕೂಡಲೇ ಒಂದು ಮುಳ್ಳು ವಾಪಸ್ ಬೀಳುತ್ತದೆ, ಇನ್ನೊಂದು ಅಲ್ಲೇ ನಿಂತುಬಿಡುತ್ತದೆ. ನಿಂತ ಮುಳ್ಳು ತೋರಿಸಿದ್ದನ್ನು ಬರೆಯಬೇಕು. ನನ್ನ ಕೆಲಸ ಅಷ್ಟೇ.

ಅಕ್ಟೋಬರ್ 16ಕ್ಕೆ ಬಿ ಬ್ಲಾಕಿನ ಕೆಲವು ಕಂಬಗಳಿಗೆ ಕಾಂಕ್ರೀಟ್ ಹಾಕಿದೆವು. ಐದು ಘನ ಮೀಟರ್ ಒಳಗೆ ಇದ್ದದ್ದರಿಂದ ಒಂದೇ ಸ್ಯಾಂಪಲ್ ಸಾಕು. ಅದರ 28ನೇ ದಿನ ನವೆಂಬರ್ 13, ಅಂದರೆ ದೀಪಾವಳಿ. ನಾನು ಊರಿಗೆ ಹೋಗಿದ್ದೆ. ವಾಪಸ್ ಬಂದಾಗ ಬಿಲ್ಲಿನ ಜೊತೆ ರಿಪೋರ್ಟ್ ಹೋಗಬೇಕಿತ್ತು. ಮೆಷಿನ್‌ನಲ್ಲಿ ಎಣ್ಣೆ ಸೋರುತ್ತಿತ್ತು, ರಿಪೇರಿಯವನು ಬಂದಿರಲಿಲ್ಲ. ಮ್ಯಾನೇಜರ್ ಅಂದರು, “ಏಳು ದಿನದ್ದು 21 ಬಂದಿದೆಯಲ್ಲಪ್ಪಾ, ಅದಕ್ಕೊಂದು ಹತ್ತು ಸೇರಿಸಿ ಬರೆದುಬಿಡು. ಪಾಸ್ ಆಗೋದೇ ತಾನೆ?”

ಬರೆದೆ. ನನ್ನ ಕೈ ನಡುಗಿತು ಅಂತೆಲ್ಲ ಹೇಳಲಾರೆ. ನಡುಗಲಿಲ್ಲ. ಲೆಕ್ಕವನ್ನೇ ಹಿಂದುಮುಂದು ಮಾಡಿದೆ. ಮೊದಲು ಶಕ್ತಿಯನ್ನು ಊಹಿಸಿಕೊಂಡು, ಅದಕ್ಕೆ ಹೊಂದುವಂಥ ಲೋಡ್ ಬರೆದೆ: 702, 684, 720 ಕಿಲೋನ್ಯೂಟನ್. ಸರಾಸರಿ ಶಕ್ತಿ ಚದರ ಮಿಲಿಮೀಟರ್‌ಗೆ 31.2 ನ್ಯೂಟನ್. ನೋಡೋಕೆ ಎಷ್ಟು ಚೆನ್ನಾಗಿತ್ತು ಗೊತ್ತಾ! ನಿಜವಾದ ಕ್ಯೂಬುಗಳು ಇಷ್ಟು ಶಿಸ್ತಾಗಿ ಅಕ್ಕಪಕ್ಕ ಕೂರುವುದು ಕಡಿಮೆ. ಒಂದು ಮೇಲೆ ಹೋಗುತ್ತೆ, ಒಂದು ಕೆಳಗೆ ಬೀಳುತ್ತೆ.

ನವೆಂಬರ್ ಕೊನೆಗೆ ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಬಂದರು. ಅರವತ್ತು ದಾಟಿದವರು, ಮೆಲ್ಲಗೆ ಮಾತಾಡುವವರು. ರಿಜಿಸ್ಟರ್ ತಿರುವಿ ನೋಡಿದರು, ಏನೂ ಅನ್ನಲಿಲ್ಲ. ಆಮೇಲೆ ಹೊರಗೆ ಹೋಗಿ ಅಂಗಿಯ ತೋಳು ಮಡಚಿ ತೊಟ್ಟಿಯೊಳಗೆ ಕೈ ಹಾಕಿದರು. ಒಂದು ಕ್ಯೂಬು ಎತ್ತಿದರು. ಪಾಚಿ ಹಿಡಿದಿತ್ತು. ಹೆಬ್ಬೆರಳಿನಲ್ಲಿ ಉಜ್ಜಿದರು. ಕೆಂಪು ಪೇಂಟಿನಲ್ಲಿ ನನ್ನದೇ ಅಕ್ಷರ: 16-10.

“ಇದು ಒಡೆದಿರೋ ಕ್ಯೂಬು ಅಲ್ವೇನಪ್ಪಾ?”

ನನಗೆ ಬಾಯಿ ಬರಲಿಲ್ಲ. ಮಿಕ್ಕ ಎರಡನ್ನೂ ತೆಗೆದು ತೊಟ್ಟಿಯ ಕಟ್ಟೆ ಮೇಲೆ ಸಾಲಾಗಿ ಇಟ್ಟರು. ನೀರು ಸೋರುತ್ತಿತ್ತು. “ಈ ಪುಸ್ತಕದಲ್ಲಿ ಇನ್ಯಾವುದು ಹೀಗೆ ಬರೆದಿದ್ದು?” ಅಂದರು. “ಇದೊಂದೇ ಸಾರ್.” ಅದು ನಿಜವೇ. ಅವರು ನನ್ನ ಮುಖ ನೋಡಿ, “ನಾನು ಹೇಗೆ ನಂಬಲಿ?” ಅಂದರು. ಗದರಿಸಲಿಲ್ಲ, ಸುಮ್ನೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಮೂರನ್ನೂ ಆಮೇಲೆ ಒಡೆದೆವು. 33.6, 29.8, 35.1. ಕಾಂಕ್ರೀಟ್ ಚೆನ್ನಾಗಿಯೇ ಇತ್ತು! ನಾನು ಹೇಳಿದ ಸುಳ್ಳು ಯಾರಿಗೂ ಬೇಕಾಗಿಯೇ ಇರಲಿಲ್ಲ. ಮ್ಯಾನೇಜರ್ ನಕ್ಕು, “ನಾನು ಹೇಳ್ಲಿಲ್ವಾ?” ಅಂದರು. ಆದರೆ ಕನ್ಸಲ್ಟೆಂಟ್ ನಗಲಿಲ್ಲ. ಕಂಬಗಳ ಮೇಲ್ಮೈ ಗಟ್ಟಿತನ ನೋಡುವ ಹ್ಯಾಮರ್ ಟೆಸ್ಟ್ ಮಾಡಿಸಿದರು, ಅನುಮಾನ ಬಂದ ಕಡೆ ಕೋರ್ ತೆಗೆಸಿದರು, ಅಂದರೆ ಕಂಬವನ್ನೇ ಕೊರೆದು ಉರುಳೆಯಂಥ ತುಂಡು ತೆಗೆದು ಒಡೆದು ನೋಡುವುದು. ಕೋರ್‌ಗಳ ಸರಾಸರಿ, ಇರಬೇಕಾದ ಶಕ್ತಿಯ ಶೇ. 85ಕ್ಕಿಂತ ಕಡಿಮೆ ಬರಬಾರದು, ಯಾವೊಂದೂ ಶೇ. 75ಕ್ಕಿಂತ ಕೆಳಗೆ ಹೋಗಬಾರದು ಅಂತ ಕಾಂಕ್ರೀಟ್ ಕೆಲಸದ ಕೋಡ್ ಹೇಳುತ್ತದೆ. ಎಲ್ಲವೂ ಪಾಸಾದವು. ಗಟ್ಟಿಮುಟ್ಟಾದ ಕಂಬಕ್ಕೆ ತೂತು ಕೊರೆಯುವ ಸದ್ದು ಕೇಳುತ್ತಾ ಎರಡು ದಿನ ಅಲ್ಲೇ ನಿಂತಿದ್ದೆ.

ಆ ವಾರ ರೂಮಿನಲ್ಲಿ ಕೂತು ಡೈರಿಯ ಕೊನೆ ಪುಟದಲ್ಲಿ ಬರೆಯೋಕೆ ಶುರು ಮಾಡಿದೆ. ಮೊದಲು ಬರೆದದ್ದು ‘ಪ್ರಾಮಾಣಿಕತೆ, ಶಿಸ್ತು, ಬದ್ಧತೆ’. ನಮ್ಮ ಆಫೀಸಿನ ಗೋಡೆ ಮೇಲೂ ಫ್ರೇಮು ಹಾಕಿ ಅದನ್ನೇ ನೇತುಹಾಕಿದ್ದರು. ಅದೇ ಫ್ರೇಮಿನ ಕೆಳಗೆ ಕೂತೇ ಅಲ್ವಾ ‘ಹತ್ತು ಸೇರಿಸು’ ಅಂದದ್ದು? ಹೊಡೆದು ಹಾಕಿದೆ. ಆಮೇಲೆ ‘ಯಾರಿಗೂ ಸುಳ್ಳು ಹೇಳುವುದಿಲ್ಲ’ ಅಂತ ಬರೆದೆ. ಮಾರನೇ ರಾತ್ರಿ ಅಮ್ಮ ಫೋನಿನಲ್ಲಿ ಕೇಳಿದಾಗ, ಬರೀ ಬನ್ನು ತಿಂದು ಮಲಗಿದ್ದವನು “ಊಟ ಆಯ್ತಮ್ಮ, ಅನ್ನ ಸಾರು” ಅಂದೆ. ಅದನ್ನೂ ಹೊಡೆದು ಹಾಕಿದೆ. ಕೊನೆಗೆ ಉಳಿದದ್ದು ಒಂದು ಸಾಲು: ನಾನು ಕಣ್ಣಾರೆ ನೋಡದ ಅಂಕಿಯನ್ನು ಬರೆಯುವುದಿಲ್ಲ.

ಸಣ್ಣ ಮಾತು. ಆದರೆ ಮುರಿದೆನೋ ಇಲ್ಲವೋ ಅಂತ ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಪ್ರಾಮಾಣಿಕತೆ ಅನ್ನುವ ಪದದ ಒಳಗೆ ನುಸುಳಿಕೊಳ್ಳೋಕೆ ನೂರು ಸಂದಿ ಇದೆ. ಸೆಪ್ಟೆಂಬರ್ 15 ಬಂದರೆ ಎಲ್ಲ ಸೈಟಿನಲ್ಲೂ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕಿ, ಯಾರಾದರೊಬ್ಬರು ಎರಡು ಮೇಣದಬತ್ತಿಯ ಕಥೆ ಹೇಳುತ್ತಾರೆ. ಸರ್ಕಾರಿ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಬತ್ತಿ. ಅದು ನಡೆದದ್ದೋ ಜನ ಕಟ್ಟಿದ್ದೋ, ಆದರೆ ಎಲ್ಲರ ನೆನಪಲ್ಲೂ ಉಳಿದಿರುವುದು ಯಾಕೆ ಅಂತ ಈಗ ಅರ್ಥವಾಗುತ್ತದೆ. ಒಂದು ಆರಿಸಿ ಇನ್ನೊಂದು ಹಚ್ಚಬೇಕು. ಕೈಯಲ್ಲಿ ಮಾಡುವ ಕೆಲಸ ಅದು.

ಎರಡನೇ ಸಾಲು ಸೇರಿದ್ದು 2015ರಲ್ಲಿ. ಒಂದು ಸ್ಯಾಂಪಲ್‌ಗೆ ಏಳು ದಿನಕ್ಕೆ 13 ಬಂತು. 17ರ ಆಸುಪಾಸು ಬರಬೇಕಿತ್ತು. ಅಂಕಿಯನ್ನು ಸರಿಯಾಗಿಯೇ ಬರೆದೆ, ಆದರೆ ಯಾರಿಗೂ ಹೇಳಲಿಲ್ಲ. 28ಕ್ಕೆ ಸರಿಹೋಗುತ್ತೆ ಅಂತ ಮೂರು ವಾರ ಕಾದೆ. 28ಕ್ಕೆ 20 ಬಂತು. ಅಷ್ಟರಲ್ಲಿ ಆ ಕಂಬಗಳ ಮೇಲೆ ಇನ್ನೊಂದು ಸ್ಲ್ಯಾಬು ಏರಿತ್ತು. ನಾಲ್ಕು ಕಂಬಕ್ಕೆ ಸುತ್ತ ಕಂಬಿ ಕಟ್ಟಿ ಜಾಕೆಟಿಂಗ್ ಮಾಡಿಸಬೇಕಾಯಿತು. ಪುಸ್ತಕದಲ್ಲಿ ನಿಜ ಬರೆದು ಬಾಯಿ ಮುಚ್ಚಿಕೊಂಡಿದ್ದೆ. ಹಾಗಾಗಿ: ಕೆಟ್ಟ ಸುದ್ದಿಯನ್ನು ಅದೇ ದಿನ ಸಂಜೆಯೊಳಗೆ ಹೇಳುತ್ತೇನೆ.

ಮೂರನೆಯದು ಉಡುಗೊರೆಯದ್ದು, ಅದರಲ್ಲಿ ಹೇಳೋದು ಜಾಸ್ತಿ ಇಲ್ಲ. ಸಪ್ಲೈಯರ್ ತಂದ ಸ್ವೀಟ್ ಬಾಕ್ಸು ಸೈಟಿನಲ್ಲೇ ಒಡೆದು ಮೇಸ್ತ್ರಿಯಿಂದ ಹೆಲ್ಪರ್‌ವರೆಗೆ ಎಲ್ಲರಿಗೂ ಹಂಚುತ್ತೇನೆ. ಮನೆಗೆ ಒಯ್ಯುವಂಥದ್ದು ಏನೇ ಇರಲಿ ವಾಪಸ್. ಬೆಳ್ಳಿ ನಾಣ್ಯವನ್ನು ವಾಪಸ್ ಕೊಟ್ಟಾಗ ಮುಖ ಸಣ್ಣ ಮಾಡಿಕೊಂಡವರೂ ಇದ್ದಾರೆ. ಮನೆಯಲ್ಲೂ ಒಬ್ಬರು.

ಇವೆಲ್ಲ ಸರಿ, ಕಷ್ಟ ಬಂದಾಗ ಕೆಲಸಕ್ಕೆ ಬರುತ್ತಾ? 2018ರಲ್ಲಿ ಗೊತ್ತಾಯಿತು. ಸರ್ಜಾಪುರ ರಸ್ತೆ ಕಡೆಯ ಸೈಟು. ಸ್ಲ್ಯಾಬು ಅರ್ಧ ಮುಗಿದಿತ್ತು. ಪ್ಲಾಂಟಿನಿಂದ 3:10ಕ್ಕೆ ತುಂಬಿಸಿಕೊಂಡು ಹೊರಟ ಕಾಂಕ್ರೀಟ್ ಗಾಡಿ ಬಂದದ್ದು 5:35ಕ್ಕೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಬರಬೇಕಲ್ಲ. ತುಂಬಿಸಿದ ಎರಡು ಗಂಟೆಯೊಳಗೆ ಇಳಿಸಬೇಕು ಅಂತ ನಿಯಮ. ಸ್ಲಂಪ್ ನೋಡಿದೆ, ಅಂದರೆ ಹಸಿ ಕಾಂಕ್ರೀಟ್ ಎಷ್ಟು ಸಡಿಲವಾಗಿದೆ ಅಂತ. ಅದನ್ನು ತುಂಬಿದ ಕೋನ್ ಎತ್ತಿದಾಗ ಗುಪ್ಪೆ 120 ಮಿಲಿಮೀಟರ್ ಕುಸಿಯಬೇಕಿತ್ತು. 70ಕ್ಕೆ ನಿಂತಿತು. ಡ್ರೈವರ್ ಆಗಲೇ ನೀರಿನ ಪೈಪು ಕೈಗೆ ತಗೊಂಡಿದ್ದ. “ಎರಡೇ ಬಕೆಟ್ ಸಾರ್. ಬಂದ ಟೈಮು 5 ಗಂಟೆ ಅಂತ ಹಾಕ್ಬಿಡಿ, ನನ್ನ ಸಂಬಳದಲ್ಲಿ ಹಿಡೀತಾರೆ.” ಪೈಪು ಹಿಡಿದ ಮೇಲೆ ಎರಡು ಬಕೆಟ್ಟೋ ಇಪ್ಪತ್ತೋ, ಎಣಿಸುವವರು ಯಾರು? ನೀರು ಜಾಸ್ತಿಯಾದಷ್ಟೂ ಕಾಂಕ್ರೀಟ್ ಸಲೀಸಾಗಿ ಹರಿಯುತ್ತದೆ, ಶಕ್ತಿ ಕಮ್ಮಿಯಾಗುತ್ತದೆ.

ಗಾಡಿ ವಾಪಸ್ ಕಳಿಸುವುದೂ ಸುಲಭ ಅಲ್ಲ. ಮೊದಲು ಹಾಕಿದ ಕಾಂಕ್ರೀಟ್ ಗಟ್ಟಿಯಾಗಿಬಿಟ್ಟರೆ ಹೊಸದಕ್ಕೂ ಹಳೆಯದಕ್ಕೂ ಬೆಸುಗೆ ಆಗುವುದಿಲ್ಲ, ಮುಂದೆ ಅಲ್ಲೇ ನೀರು ಸೋರುತ್ತದೆ. ಪಂಪಿನವನು ಗೊಣಗುತ್ತಿದ್ದ. ಮೇಲೆ ಇಪ್ಪತ್ತು ಜನ ಕೈ ಕಟ್ಟಿ ನಿಂತಿದ್ದರು. ಫೋನಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್, “ಆರು ಘನ ಮೀಟರ್, ಮೂವತ್ತು ಸಾವಿರ ರೂಪಾಯಿ ಕಣ್ರೀ” ಅನ್ನುತ್ತಿದ್ದರು.

ಗಾಡಿ ಜೊತೆ ಬಂದ ಚಲನ್‌ನಲ್ಲಿ 5:35 ಬರೆದೆ. ನೋಡಿದ್ದನ್ನು ಬರೆದೆ, ಅಷ್ಟೇ. ಬರೆದ ಮೇಲೆ ಮಿಕ್ಕದ್ದು ತಾನಾಗಿಯೇ ಆಯಿತು. ಆ ಟೈಮು ಹಾಕಿದ ಗಾಡಿಯನ್ನು ಇಳಿಸಿಕೊಳ್ಳೋಕೆ ಬರುವುದಿಲ್ಲ. ಕನ್ಸಲ್ಟೆಂಟ್‌ಗೆ ಫೋನ್ ಮಾಡಿ, ಅವರು ಹೇಳಿದ ಕಡೆ ಹಲಗೆ ಕಟ್ಟಿ, ಅಲ್ಲಿಗೆ ಕೆಲಸ ನಿಲ್ಲಿಸಿದೆವು. ಇದರಲ್ಲಿ ಧೈರ್ಯ ಏನೂ ಇಲ್ಲ. ಯೋಚನೆ ಮಾಡುವ ಕೆಲಸ 2012ರಲ್ಲೇ ಮುಗಿದಿತ್ತು, ಹೊಸದಾಗಿ ತೀರ್ಮಾನ ಮಾಡೋಕೆ ಕೂತಿದ್ದರೆ ಮೂವತ್ತು ಸಾವಿರವೇ ಗೆಲ್ಲುತ್ತಿತ್ತೋ ಏನೋ. ಆ ವರ್ಷ ಇನ್‌ಕ್ರಿಮೆಂಟ್ ಫಾರ್ಮಿನಲ್ಲಿ ‘ಹೊಂದಿಕೊಂಡು ಹೋಗುವ ಗುಣ ಕಡಿಮೆ’ ಅಂತ ಬಂತು. ದುಡ್ಡೂ ಕಡಿಮೆಯೇ ಬಂತು. ಡ್ರೈವರ್ ಸಂಬಳದಲ್ಲಿ ಹಿಡಿದರಾ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು.

ನಮ್ಮ ಕಸುಬಿನಲ್ಲಿ ದೊಡ್ಡ ಬೆಲೆ ತೆತ್ತವರಿದ್ದಾರೆ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ ಸುವರ್ಣ ಚತುಷ್ಪಥ ಕಾಮಗಾರಿಯ ಅಕ್ರಮಗಳ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದು, ತಮ್ಮ ಹೆಸರನ್ನು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದರು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಮೂವತ್ತು ವರ್ಷ. ಅವರಂತೆ ನಾನು ಇರಬಲ್ಲೆ ಅಂತ ಎದೆ ತಟ್ಟಿಕೊಂಡರೆ ಅದೂ ನೋಡದ ಅಂಕಿ ಬರೆದಂತೆಯೇ. ನನಗೆ ಮನೆ ಸಾಲ ಇದೆ, ಇಬ್ಬರು ಮಕ್ಕಳಿದ್ದಾರೆ, ಭಯವೂ ಇದೆ. ಆದ್ದರಿಂದ ನನ್ನ ನಾಲ್ಕು ಸಾಲನ್ನು ನನ್ನ ಅಳತೆಗೇ ಹೊಲಿದುಕೊಂಡಿದ್ದೇನೆ. ತುಂಬಾ ದೊಗಲೆ ಅಂಗಿ ಹಾಕಿಕೊಂಡರೆ ಎಲ್ಲಾದರೂ ಸಿಕ್ಕಿಕೊಳ್ಳುತ್ತೆ.

ನಾಲ್ಕನೇ ಸಾಲು ಬರೆಯೋಕೆ ತಡವಾಯಿತು. ನನ್ನ ಕೈ ಕೆಳಗೆ ಜನ ಬಂದ ಮೇಲೆ. ಒಂದು ಸಂಜೆ ಅವಸರದಲ್ಲಿ ಒಬ್ಬ ಹುಡುಗನಿಗೆ, “ಏನೋ ಒಂದು ಹಾಕಿ ಮುಗಿಸಪ್ಪಾ” ಅಂದುಬಿಟ್ಟೆ. ಅಂದ ಮೇಲೆ ಅದು ಯಾರ ದನಿ ಅಂತ ಗುರುತು ಸಿಕ್ಕಿತು. ನನ್ನ ಹಳೆಯ ಮ್ಯಾನೇಜರದ್ದು. ನಾನು ಬರೆಯಲ್ಲ, ಬೇರೆಯವರ ಕೈಯಲ್ಲಿ ಬರೆಸುತ್ತೇನೆ ಅಂದ ಹಾಗಾಯಿತು. ಅವನನ್ನು ವಾಪಸ್ ಕರೆದು, ನಾನು ಹೇಳಿದ್ದು ತಪ್ಪು ಅಂದೆ. ನಾನು ಮಾಡದ್ದನ್ನು ಕೆಳಗಿನವರಿಂದ ಮಾಡಿಸುವುದಿಲ್ಲ. ಇದೇ ನಾಲ್ಕನೆಯದು.

ಕಳೆದ ಯುಗಾದಿ ಆದ ಮೇಲೆ ಲ್ಯಾಬಿನ ಹುಡುಗಿ ರಿಜಿಸ್ಟರ್ ಹಿಡಿದುಕೊಂಡು ಬಂದಳು. ಹೊಸದಾಗಿ ಸೇರಿದವಳು, ಡಿಪ್ಲೊಮಾ ಮುಗಿಸಿ ಆರು ತಿಂಗಳು. 28ನೇ ದಿನ ಹಬ್ಬದ ರಜೆಯಲ್ಲಿ ಕಳೆದುಹೋಗಿತ್ತು. ಕ್ಯೂಬುಗಳು ಇನ್ನೂ ತೊಟ್ಟಿಯಲ್ಲೇ ಇದ್ದವು.

“ಸರ್, 28 ದಿನದ ಕಾಲಂನಲ್ಲಿ ಏನು ಬರೀಲಿ?”

“ಖಾಲಿ ಬಿಡಮ್ಮ. ಪಕ್ಕದಲ್ಲಿ ‘ರಜೆ ಇತ್ತು, ಪರೀಕ್ಷೆ ಆಗಿಲ್ಲ’ ಅಂತ ಬರಿ. ಇವತ್ತೇ ಒಡೆದು, ಇವತ್ತಿನ ತಾರೀಖು ಹಾಕು.”

“ಆಡಿಟ್‌ನವರು ಕೇಳಿದ್ರೆ?”

“ನನ್ನ ಹತ್ರ ಕಳಿಸು.”

ಒಂದು ನಿಮಿಷ ನಿಂತಳು. ಆಮೇಲೆ ಹೋಗಿ ತೊಟ್ಟಿಗೆ ಕೈ ಹಾಕಿ ಮೂರನ್ನೂ ಎತ್ತಿದಳು, ಬಟ್ಟೆಯಲ್ಲಿ ಒರೆಸಿದಳು. ಸ್ವಲ್ಪ ಹೊತ್ತಿಗೆ ಶೆಡ್ಡಿನಿಂದ ಠಪ್ ಅನ್ನುವ ಸದ್ದು ಮೂರು ಸಲ ಕೇಳಿಸಿತು. ಸಂಜೆ ಸಹಿ ಹಾಕುವಾಗ ನೋಡಿದೆ. 28 ಅಂತ ಅಚ್ಚಾಗಿದ್ದ ಕಡೆ ಸ್ಕೇಲ್ ಇಟ್ಟು ನೀಟಾಗಿ ಗೆರೆ ಎಳೆದು, ಮೇಲೆ ನೀಲಿ ಪೆನ್ನಿನಲ್ಲಿ ಬರೆದಿದ್ದಳು: 31 ದಿನ.